ನಮ್ಮ ಮನೆಯ ಇಲಿ

ಸತ್ತ ಇಲಿ ಬಿದ್ದದ್ದು ನಮ್ಮ ಮನೆಯಲ್ಲಿ. ಪಕ್ಕದ ಮನೆಯಲ್ಲಿ ಬಿದ್ದಿದೆ ಎಂದು ವರದಿ ಕೊಟ್ಟವನು ನಾನು. ಇಷ್ಟನ್ನು ಹೇಳುವುದನ್ನು ಮುದುಕನಾಗುವವರೆಗೆ ಮುಂದೂಡುತ್ತ ಬಂದಿದ್ದೇನೆ. ನಾವು ಜೈನರು, ಕ್ಷಮಾವಣಿಯ ದಿನ ಎದುರಾದವರಿಗೆಲ್ಲ ಕೈಮುಗಿದು ತಪ್ಪು ಒಪ್ಪಿಕೊಳ್ಳುತ್ತೇವೆ. ಪ್ರತಿ ವರ್ಷ ಇಡೀ ಓಣಿಗೆ ಕೈಮುಗಿದಿದ್ದೇನೆ — ಯಾರಿಗೆ ಮುಗಿಯಬೇಕಿತ್ತೋ ಅವರು ಮಾತ್ರ ಆ ಓಣಿಯಲ್ಲಿ ಇರಲಿಲ್ಲ.

ಆಗ ಸಾಂಗಲಿ, ಮಿರಜ ಎರಡೂ ಒಂದರ ಕಡೆಗೊಂದು ಬೆಳೆಯುತ್ತಿದ್ದವು. ವಿಶ್ರಾಮಬಾಗದ ಆಚೆ ಹೊಲಗಳು ಪ್ಲಾಟುಗಳಾಗಿ, ಗಟಾರ ಬರುವ ಮೊದಲೇ ಮನೆಗಳು ಎದ್ದಿದ್ದವು. ನಮ್ಮದೂ ಅಂಥದೇ ಓಣಿ. ಮ್ಯಾಟ್ರಿಕ್ ಪಾಸಾದ ನಾನು ಆ ಭಾಗದ ಮುಕಾದಮ, ಕಸ ಗುಡಿಸುವವರ ಮೇಲ್ವಿಚಾರಕ. ಗೋಡೆಯಾಚೆ ಗಡಿ ಕಡೆಯ ಹಳ್ಳಿಯಿಂದ ಬಂದ ಹಾಲುಮತದ ಗಂಡಹೆಂಡತಿ ಇದ್ದರು. ಊರಿನಿಂದ ಕಂಬಳಿ ತಂದು ಪಡಸಾಲೆಯಲ್ಲಿ ಒಟ್ಟಿ, ಚಳಿಗಾಲದ ಸಂತೆಗಳಲ್ಲಿ ಮಾರುತ್ತಿದ್ದರು. ಆತ ನನ್ನನ್ನು ಕಂಡಾಗಲೆಲ್ಲ ಕೆಣಕುತ್ತಿದ್ದ: “ಮುಕಾದಮ ಕಾಕಾ, ನಿಮ್ಮ ಗಟಾರ ಬರೂದ್ರೊಳಗ ನನ್ನ ಮಗಾನ ಮುಕಾದಮ ಆಗ್ತಾನ ನೋಡ್ರಿ.” ಅವರಿಗೆ ಇನ್ನೂ ಮಕ್ಕಳೇ ಇರಲಿಲ್ಲ.

ದಸರೆಯ ಹೊತ್ತಿಗೆ ಪ್ಲೇಗಿನ ಸುದ್ದಿ ಹಬ್ಬಿ, ಆಪತ್ತು ಘೋಷಣೆಯಾಯಿತು. ಮಾಮೂಲಿ ದಿನಗಳಲ್ಲಿ ಗಟಾರದ ಮೇಲಿನ ಒಂದು ಹಾಸುಗಲ್ಲು ಸರಿಸಲಿಕ್ಕೂ ನೋಟಿಸು, ಪಂಚರು, ಸಾಹೇಬರ ಸಹಿ ಎಲ್ಲ ಬೇಕಿತ್ತು. ಈಗ ಯಾವುದೂ ಬೇಡ. ಇಲಿ ಸತ್ತುಬಿದ್ದ ಮನೆ ಖಾಲಿ ಮಾಡಿಸಬಹುದು, ಮನೆಯವರನ್ನು ಶಾಲೆಯಲ್ಲಿ ಬೇರೆ ಇಡಬಹುದು, ಹಾಸಿಗೆ-ಹೊದಿಕೆ ಸುಡಿಸಬಹುದು. ಅದಕ್ಕೆ ಮುಕಾದಮನ ಒಂದು ಮಾತು ಸಾಕು. ನನ್ನ ಮಾತಿಗೆ ಅಷ್ಟು ಬೆಲೆ ಅದಕ್ಕೂ ಮೊದಲು ಎಂದೂ ಬಂದಿರಲಿಲ್ಲ.

ಆ ವಾರವೇ ಮಗಳ ಸಾಖರಪುಡಾ. ಕವಲಾಪುರದ ಬೀಗರು ನಿಶ್ಚಯಕ್ಕೆ ನಮ್ಮ ಮನೆಗೇ ಬರುವವರಿದ್ದರು. ಬೆಳಿಗ್ಗೆ ಜೋಳದ ಡಬ್ಬಿ ಸರಿಸಿದೆ — ಹಿಂದೆ ಇಲಿ ಸತ್ತು ಬಿದ್ದಿತ್ತು. ನಿಜ ಹೇಳಿದರೆ ನಮ್ಮ ಬಾಗಿಲಿಗೇ ಬೀಗ. ಸುಮ್ಮನೆ ಹೂತುಬಿಡಲಿಕ್ಕೂ ಧೈರ್ಯವಾಗಲಿಲ್ಲ, ರೋಗ ನಿಜವಾಗಿದ್ದರೆ? ಔಷಧ ಹೊಡೆಯುವವರು ಓಣಿಗೆ ಬರಬೇಕು, ನಮ್ಮ ಮನೆ ಮಾತ್ರ ಉಳಿಯಬೇಕು... ಬಾಲ ಹಿಡಿದು ಎತ್ತಿ, ಗೋಡೆಯಾಚೆ ಅವರ ಹಿತ್ತಲಿಗೆ ಎಸೆದೆ. ಕೈ ತೊಳೆದುಕೊಂಡು ಕಚೇರಿಗೆ ಹೋದೆ.

ಮಧ್ಯಾಹ್ನ ಕಂಬಳಿಗಳನ್ನೆಲ್ಲ ಬಯಲಿಗೆ ತಂದು ಸೀಮೆಎಣ್ಣೆ ಸುರಿದರು. ಉಣ್ಣೆ ಬೇಗ ಉರಿಯುವುದಿಲ್ಲ. ಕಮಟು ಹೊಗೆ ಏಳುತ್ತಲೇ ಇತ್ತು. ಆತ ಉರಿಯುವ ಕಂಬಳಿಗಳನ್ನು ಒಂದೊಂದಾಗಿ ಎಣಿಸುತ್ತಿದ್ದ. ಆಕೆ ಹಳೆಯ ಕರಿ ಕಂಬಳಿಯೊಂದನ್ನು ಎದೆಗವಚಿಕೊಂಡು ನನ್ನ ಹತ್ತಿರ ಬಂದಳು.

“ಕಾಕಾ, ಇದೊಂದು ಬಿಡ್ರಿ. ಇದರ ಮ್ಯಾಲೆ ನಮ್ಮ ದೇವರು ಕುಂದರ್ತಾನ.”

ಬಿಡಬಹುದಿತ್ತು. ಆದರೆ ಆಳುಗಳು ನನ್ನನ್ನೇ ನೋಡುತ್ತಿದ್ದರು. ಒಂದನ್ನು ಬಿಟ್ಟರೆ ಯಾಕೆ ಎಂದು ಕೇಳಿಯಾರು, ಕೇಳಿದರೆ...

“ಹುಕುಂ ಎಲ್ಲಾರಿಗೂ ಒಂದ,” ಎಂದೆ.

ಆಕೆ ಅದನ್ನು ನನ್ನ ಕೈಗೆ ಕೊಟ್ಟಳು. ಬೆಂಕಿಗೆ ಹಾಕಿದವನು ನಾನೇ.

ಅವರು ಶಾಲೆಯ ಕೋಣೆಯಲ್ಲಿದ್ದಾಗ ಸಾಖರಪುಡಾ ಆಯಿತು. ಪಕ್ಕದ ಬಾಗಿಲಿಗೆ ಬಿದ್ದ ಬೀಗ ನೋಡಿ ಬೀಗರು ವಿಚಾರಿಸಿದರು. ತಡಮಾಡದೆ ಕ್ರಮ ಕೈಗೊಂಡೆ ಎಂದು ಹೇಳಿದೆ — ನಾಚಿಕೆಯಿಂದಲ್ಲ, ಹೆಮ್ಮೆಯಿಂದ. ಅವರು ತಲೆದೂಗಿದರು.

ರೋಗ ಯಾರಿಗೂ ಇರಲಿಲ್ಲ. ಡಾಕ್ಟರರು ಅವರನ್ನು ಬಿಟ್ಟು ಕಳಿಸಿದಾಗ ಚಳಿಗಾಲ ಎದುರಿಗಿತ್ತು, ಮಾರಲು ಒಂದು ಕಂಬಳಿಯೂ ಇರಲಿಲ್ಲ. ಊರಿಗೆ ಮರಳಿ ಬೇರೆಯವರ ಕುರಿ ಕಾಯಲು ಹೊರಟರು. ಹೊರಡುವ ದಿನ ಆಕೆ ನಮ್ಮ ಬಾಗಿಲಿಗೆ ಬಂದು, ಒಳಗೆ ಬಾರದೆ ಹೊರಗೇ ನಿಂತಳು.

“ನಿಮ್ಮ ಮಗಳ ಸಾಖರಪುಡಾಕ್ಕ ನಾ ಕೈ ಹಚ್ಚಲಿಕ್ಕೆ ಆಗಲಿಲ್ಲರಿ. ನಮ್ಮ ಮನ್ಯಾಗಿನ ಇಲಿಯಿಂದ ನಿಮಗೂ ತ್ರಾಸ ಆತು. ತಪ್ಪು ತಿಳೀಬ್ಯಾಡ್ರಿ, ಕಾಕಾ.”

ಆಗಲೂ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು — ಇಲ್ಲ, ಅದೂ ಸುಳ್ಳು. ಬಂದಿರಲಿಲ್ಲ. “ಆತು, ಹೋಗಿ ಬಾ,” ಎಂದೆ, ಅಷ್ಟೆ.

ಗಂಡ ತೀರಿಕೊಂಡ ಎಂದು ಆಮೇಲೆ ಕೇಳಿದೆ. ಆಕೆ ಇದ್ದಾಳಂತೆ. ಆ ಹಳ್ಳಿಗೆ ಹೋಗುವ ಬಸ್ಸು ಮಿರಜದಿಂದಲೇ ಹೊರಡುತ್ತದೆ. ಅದರ ಮುಂದೆ ನಿಂತು ಹಿಂದಿರುಗಿ ಬಂದವನು ನಾನು. ಮಾಡದ ತಪ್ಪಿಗೆ ಆಕೆ ನನ್ನ ಕ್ಷಮೆ ಕೇಳಿದಳು. ಮಾಡಿದ ತಪ್ಪಿಗೆ ನಾನು ಆಕೆಯ ಕ್ಷಮೆ ಕೇಳಿಲ್ಲ.

ಆಕೆಯ ಹೆಸರು ಮಾಯವ್ವ.