ಅಲಸಂದೆ ಬೇರಿನೊಳಗಿನ ಕೆಂಪು

ಊಟದ ತಟ್ಟೆಯ ಪಕ್ಕದಲ್ಲೇ ವಿಜ್ಞಾನಿ ಮೇಡಂ ಅಲಸಂದೆ ಬೇರಿನ ಪುಟ್ಟ ಗಂಟೊಂದನ್ನು ಉಗುರಿನಿಂದ ಸೀಳಿದರು. ಒಳಗೆ ರಕ್ತದಂಥ ಕೆಂಪು. ನಾನು ಕೈಯಲ್ಲಿದ್ದ ತುತ್ತನ್ನು ಬಾಯಿಗಿಡುವುದನ್ನೇ ಮರೆತೆ.

ಭೀಮನಬೀಡಿನ ನಮ್ಮ ಹೊಲದ ಮಣ್ಣು ನೋಡಲು ಬಂದವರು, ನಮ್ಮೊಂದಿಗೇ ಬೇವಿನ ಮರದಡಿ ಮುದ್ದೆ ಉಣ್ಣಲು ಕುಳಿತಿದ್ದರು. ಬೇರಿನ ತುಂಬ ಗಂಟು ಕಂಡು ರೋಗವೆಂದು ಹೆದರಿದ್ದ ನಾನು, ಮರುದಿನವೇ ಬಂದು ಗಿಡಗಳನ್ನೆಲ್ಲ ಕೀಳುವಂತೆ ಆಳುಗಳಿಗೆ ಹೇಳಿದ್ದೆ. ಆ ಮಾತು ಕೇಳಿಯೇ ಅವರು ಒಂದು ಗಿಡ ಕಿತ್ತು ತರಿಸಿದ್ದರು.

"ಇದು ರೋಗ ಅಲ್ಲಮ್ಮ. ಗಾಳಿಯಿಂದ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡೋ ಜೀವಿಗಳು ಇದರೊಳಗಿವೆ. ಈ ಕೆಂಪು ನಮ್ಮ ರಕ್ತದ ಕೆಂಪಿಗೆ ಹತ್ತಿರದ ನೆಂಟ" ಎಂದರು.

ಸಾರು ಬಡಿಸುತ್ತಿದ್ದ ನಮ್ಮತ್ತೆ ಆ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಅದ್ಕೇ ಕಣವ್ವ, ಅಲಸಂದೆ ಬೆಳ್ದ ಜಾಗ್ದಲ್ಲಿ ರಾಗಿ ಪಸಂದಾಗಿ ಬತ್ತದ. ಬೇರು ಕೀಳ್ಬ್ಯಾಡಿ, ಗಿಡ ಕುಯ್ಕೊಂಡು ಬೇರು ಮಣ್ಣಲ್ಲೇ ಬುಟ್ಬುಡಿ ಅಂತಿದ್ಲು ನಮ್ಮವ್ವ."

ಮೇಡಂ ಉಣ್ಣುವುದನ್ನು ನಿಲ್ಲಿಸಿ, ಆಮೇಲೆ ಏನು ಬಿತ್ತುತ್ತಿದ್ದಿರಿ, ಯಾವ ಬೀಜ ಎಂದು ಅತ್ತೆಯನ್ನು ಒಂದೊಂದಾಗಿ ಕೇಳತೊಡಗಿದರು. ಸಾರು ಆರಿಹೋದರೂ ಇಬ್ಬರ ಮಾತು ಮುಗಿಯಲಿಲ್ಲ. ನಾನು ಆಳುಗಳಿಗೆ ಬರಬೇಡಿರೆಂದು ಫೋನ್ ಮಾಡಿದೆ.

ಈಗ ಹೊಲಕ್ಕೆ ಇಳಿದಾಗಲೆಲ್ಲ, ಕಾಲಡಿಯಲ್ಲಿ ಸದ್ದಿಲ್ಲದೆ ದುಡಿಯುವ ಆ ಜೀವಗಳ ನೆನಪಾಗಿ ನನ್ನ ಹೆಜ್ಜೆ ತಾನಾಗಿ ಮೆಲ್ಲಗಾಗುತ್ತದೆ.