ಎದ್ದುಹೋಗುವ ವಿದ್ಯೆ

ಮೊದಲು ಕೆಮ್ಮು ಕೇಳುತ್ತಿತ್ತು, ಆಮೇಲೆ ಬೈಗುಳ. ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನ ಆ ಇಕ್ಕಟ್ಟಿನ ಬೀದಿಯಲ್ಲಿ, ಭುಜಕ್ಕೆ ಭುಜ ಒತ್ತಿ ನಿಂತ ಕೆಂಪು ಇಟ್ಟಿಗೆಯ ಮನೆಗಳ ನಡುವೆ, ನಾರಾಯಣಸ್ವಾಮಿ ತನ್ನ ಹಳೆಯ ಡೀಸೆಲ್ ಕಾರಿನ ಕೀಲಿ ತಿರುಗಿಸಿದಾಗಲೆಲ್ಲ ಅದು ಕಫ ಕಟ್ಟಿದ ಮುದುಕನ ಹಾಗೆ ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಎದುರು ಮನೆಯ ಮಹಡಿಯಲ್ಲಿ ಆಗಷ್ಟೇ ಮಲಗಿದ ವಿದ್ಯಾರ್ಥಿಯೊಬ್ಬ ಕಿಟಕಿ ತೆರೆದು ಒಂದು ಮಾತು ಒಗೆಯುತ್ತಿದ್ದ. ಅಡುಗೆಮನೆಯಲ್ಲಿ ನಿಂತು ಡಬ್ಬಿಗೆ ಉಪ್ಪಿಟ್ಟು ತುಂಬುತ್ತಿದ್ದ ನಾಗಮಣಿ ಆ ಮಾತನ್ನು ಕೇಳಿ, ಮನಸ್ಸಿನಲ್ಲೇ ಅದಕ್ಕೆ ತನ್ನದೂ ಒಂದು ಸಹಿ ಹಾಕುತ್ತಿದ್ದಳು.

ನಾಗಮಣಿಯ ಕೆಲಸ ಕಿವಿಗಳದ್ದು. ಆಸ್ಪತ್ರೆಯ ಒಂದು ಗಾಳಿಯಾಡದ ಕೋಣೆಯಲ್ಲಿ ಜನರಿಗೆ ಹೆಡ್‌ಫೋನ್ ತೊಡಿಸಿ ಕೂರಿಸುತ್ತಾಳೆ. ಸದ್ದು ಕೇಳಿಸಿದರೆ ಅವರು ಗುಂಡಿ ಒತ್ತಬೇಕು. ವರ್ಷಗಳು ಕಳೆದಂತೆ ಅವಳಿಗೆ ಆ ಗುಂಡಿಯ ಹಂಗು ಉಳಿದಿಲ್ಲ. ಕೇಳಿಸಿದ ಕ್ಷಣ ಮನುಷ್ಯನ ಮುಖದಲ್ಲಿ, ಕೆರೆಯ ತಳದಲ್ಲಿ ಮೀನು ತಿರುಗಿದ ಹಾಗೆ, ಏನೋ ಒಂದು ಅಲುಗುತ್ತದೆ. ಕೇಳಿಸಿಯೂ ಕೇಳಿಸಲಿಲ್ಲ ಎನ್ನುವವರನ್ನೂ ಅವಳು ಬಲ್ಲಳು. ಅಂಥವನೊಬ್ಬನ ಜೊತೆಗೇ ಅವಳ ಮದುವೆಯಾಗಿತ್ತು.

ಈಗ ಅವಳಿಗೆ ಹೊಸ ಹುದ್ದೆಯೊಂದು ಸಿಕ್ಕಿತ್ತು. ಊರಾಚೆಯ ವೃದ್ಧಾಶ್ರಮಗಳಿಗೆ ತಾನೇ ಹೋಗಿ, ಎದ್ದು ಬರಲಾರದವರ ಕಿವಿ ನೋಡುವ ಕೆಲಸ. ಮುಚ್ಚಿದ ಕೋಣೆಯಿಂದ ಹೊರಬಂದು, ದಿನಾ ಒಂದಿಷ್ಟು ಆಕಾಶ ನೋಡುವ ಕೆಲಸ. ಆದರೆ ಮುಂದಿನ ತಿಂಗಳ ಮೊದಲ ದಿನದ ಹೊತ್ತಿಗೆ ಸ್ವಂತ ಕಾರಿರಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಎರಡನೆಯವರಿಗೆ ಹೋಗುತ್ತದೆ ಎಂದು ಮೇಲಧಿಕಾರಿ ನಗುತ್ತ ಹೇಳಿದ್ದಳು. ಇಲ್ಲಿನವರು ಕತ್ತು ಕೊಯ್ಯುವಾಗ ನಗು ಮರೆಯುವುದಿಲ್ಲ.

ಕಾರು ಕೊಳ್ಳಲು ಅವಳ ಬಳಿ ಅವಳದೇ ಹಣವಿತ್ತು. ಲೈಸೆನ್ಸೂ ಇತ್ತು. ಇದ್ದ ಒಂದೇ ಅಡ್ಡಿ ನಾರಾಯಣಸ್ವಾಮಿ.

ನಾರಾಯಣಸ್ವಾಮಿಗೆ ಚೌಕಾಸಿ ಬರುತ್ತದೆ ಎಂದು ಬರ್ಮಿಂಗ್‌ಹ್ಯಾಮಿನ ಕನ್ನಡದವರೆಲ್ಲ ನಂಬಿದ್ದರು. ನಂಬಿಸಿದವನು ಅವನೇ. ಮೈಸೂರಿನ ಮಾರುಕಟ್ಟೆಯಲ್ಲಿ ಅಪ್ಪನ ಹಿಂದೆ ಚೀಲ ಹಿಡಿದು ಓಡಾಡುವಾಗ ಕಲಿತ ಒಂದೇ ವಿದ್ಯೆಯನ್ನು ಅವನು ಇಲ್ಲಿಗೂ ಹೊತ್ತು ತಂದಿದ್ದ: ವ್ಯಾಪಾರ ಕುದುರುವ ಹೊತ್ತಿಗೆ ಎದ್ದುಹೋಗಬೇಕು. ಅದೂ ಮಾತಿನ ನಡುವೆ. “ವಾಕ್ಯ ಪೂರ್ತಿ ಮಾಡ್ಬಾರ್ದು ಕಣ್ರೀ,” ಎಂದು ಯುಗಾದಿ ಊಟದಲ್ಲಿ ಹೋಳಿಗೆ ಮುರಿಯುತ್ತ ಹುಡುಗರಿಗೆ ಪಾಠ ಹೇಳುತ್ತಿದ್ದ. “ಪೂರ್ತಿ ಮಾಡಿದ್ರೆ ಮರ್ಯಾದಸ್ಥ ಅಂದ್ಕೋತಾರೆ. ಅರ್ಧಕ್ಕೇ ಬಿಟ್ಟು ಎದ್ದು ನಡೀಬೇಕು. ಹಿಂದಿಂದ ಕರೀತಾರೆ. ಕರೀಲೇಬೇಕು. ಕರೀದಿದ್ರೆ ಆ ಅಂಗಡಿ ಮೆಟ್ಟಿಲು ಮತ್ತೆ ಹತ್ಬಾರ್ದು.”

ಮ್ಯಾಂಚೆಸ್ಟರ್‌ನಲ್ಲಿ ಕಾರ್ಪೆಟ್ ಅಂಗಡಿಯವನು ಪಾರ್ಕಿಂಗ್‌ವರೆಗೆ ಓಡಿ ಬಂದ ಕಥೆಯನ್ನು ಅವನು ಹೇಳದ ಹಬ್ಬವಿಲ್ಲ. ಅಂಗಡಿಯವನು ಓಡಿ ಬಂದದ್ದು ನಿಜ. ನಾರಾಯಣಸ್ವಾಮಿ ಮರೆತುಬಂದ ಕೊಡೆ ಅವನ ಕೈಯಲ್ಲಿದ್ದದ್ದು ನಾಗಮಣಿಗೆ ಮಾತ್ರ ಗೊತ್ತು.

ಯಾರೂ ಕರೆಯದಿದ್ದ ಅಂಗಡಿಗಳ ಕಥೆಯನ್ನು ಅವನು ಹೇಳುತ್ತಿರಲಿಲ್ಲ. ಆ ಕಥೆಗಳೆಲ್ಲ ನಾಗಮಣಿಯ ಬಳಿ ಇದ್ದವು. ಮದುವೆಯಾದ ವರ್ಷ ಮೈಸೂರಿನಲ್ಲಿ ಅವಳ ಮಡಿಲಲ್ಲಿ ಬಿಚ್ಚಿ ಹರಡಿದ್ದ ಎಳೆಹಸಿರು ಅಂಚಿನ ಸೀರೆ. ಲೀಡ್ಸ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ಬಾರದೇ ಹೋದ ಸೋಫಾ. ಆ ಚಳಿಗಾಲ ಬಂದ ನೆಂಟರೆಲ್ಲ ಮಡಿಸುವ ಕುರ್ಚಿಯ ಮೇಲೆ ಕೂತು ಬೆನ್ನು ನೋಯಿಸಿಕೊಂಡಿದ್ದರು. ಪ್ರತಿ ಸಲವೂ ಅವನು ಮುಂದೆ, ಅವಳು ಕೈಚೀಲ ಎತ್ತಿಕೊಂಡು ಹಿಂದೆ. ಪ್ರತಿ ಸಲವೂ ಬಾಗಿಲ ಬಳಿ ಅವನ ನಡಿಗೆ ಸ್ವಲ್ಪ ನಿಧಾನವಾಗುತ್ತಿತ್ತು. ಆ ನಿಧಾನವನ್ನು ನೋಡಿದಾಗ ಅವಳಿಗೆ ಬರುತ್ತಿದ್ದದ್ದು ಕನಿಕರ ಎಂದು ಬಹಳ ಕಾಲ ಅಂದುಕೊಂಡಿದ್ದಳು. ಅದಕ್ಕೆ ಸರಿಯಾದ ಹೆಸರು ತಾತ್ಸಾರ ಎಂದು ತಿಳಿಯಲು ಕೂದಲು ನೆರೆಯಬೇಕಾಯಿತು.

ಷೋರೂಮಿಗೆ ಹೊರಟ ಶನಿವಾರ ಅವಳು ಒಂದೇ ಮಾತು ಹೇಳಿದಳು.

“ರೀ, ಅಲ್ಲಿರೋದು ಒಂದೇ ಕಾರು. ಯಾರೋ ಬುಕ್ ಮಾಡಿ ಬೇಡ ಅಂದಿದ್ದು. ಅದು ಹೋದ್ರೆ ಇನ್ನೊಂದು ಬರೋಕೆ ಬೇಸಿಗೆ ಆಗುತ್ತಂತೆ. ನನಗೆ ಇವತ್ತೇ ಬೇಕು.”

“ಇವತ್ತೇ ಬೇಕು ಅಂತ ಮುಖದ ಮೇಲೆ ಬರ್ಕೊಂಡು ಹೋಗು. ಅವನೂ ಓದ್ಕೋತಾನೆ,” ಎಂದ ನಾರಾಯಣಸ್ವಾಮಿ, ತನ್ನ ಉಣ್ಣೆಯ ಟೋಪಿ ಸರಿಮಾಡಿಕೊಳ್ಳುತ್ತ. “ನೀನು ಬಾಯಿ ಬಿಡ್ಬೇಡ. ಏನಿದ್ರೂ ನನ್ನ ಹತ್ರ ಕನ್ನಡದಲ್ಲಿ ಹೇಳು.”

ಕಾರು ಗಾಜಿನ ಗೋಡೆಯ ಹಿಂದೆ ನಿಂತಿತ್ತು. ಮಳೆ ಬರುವ ಮುಂಚಿನ ಮೋಡದ ಬಣ್ಣ. ಅವರ ಮನೆಗೆ ಅಂಗಳವಿಲ್ಲ, ಬೀದಿಯಲ್ಲೇ ನಿಲ್ಲಿಸಬೇಕು, ಮನೆಯಿಂದ ವೈರು ಎಳೆದು ಚಾರ್ಜ್ ಮಾಡುವಂತಿಲ್ಲ. ಅದಕ್ಕೇ ಓಡುವಾಗ, ಬ್ರೇಕ್ ಒತ್ತುವಾಗ ತನ್ನ ಬ್ಯಾಟರಿಯನ್ನು ತಾನೇ ತುಂಬಿಕೊಳ್ಳುವ ಈ ಹೈಬ್ರಿಡ್ಡನ್ನು ಅವಳು ಆರಿಸಿದ್ದಳು. ಸ್ಟಾರ್ಟ್ ಮಾಡಿದಾಗ ಸದ್ದೇ ಬರಲಿಲ್ಲ. ಕಿವಿಯವಳಾದ ನಾಗಮಣಿಗೆ ಆ ಮೌನ ಬೆಲೆಬಾಳುವ ಒಡವೆಯಂತೆ ಕಂಡಿತು.

ಮಾರುವವನು ತೆಳುವಾದ ಹುಡುಗ, ಪಾದಕ್ಕಿಂತ ಉದ್ದನೆಯ ಚೂಪು ಬೂಟು. ಎದೆಯ ಮೇಲಿನ ಫಲಕದಲ್ಲಿ ಹುಜೈಫಾ ಎಂದಿತ್ತು. ಬರ್ಮಿಂಗ್‌ಹ್ಯಾಮಿನ ಇಂಗ್ಲಿಷಿನಲ್ಲಿ ಅವನು ಬೆಲೆ ಹೇಳಿ, “ಮೇಡಂ, ಇದಕ್ಕಿಂತ ಒಳ್ಳೆ ಆಯ್ಕೆ ಇಲ್ಲ,” ಎಂದ. ಪಕ್ಕದ ಮೇಜಿನಲ್ಲಿ ಇನ್ನೊಂದು ಕಾರು ನೋಡುತ್ತಿದ್ದವರಿಗೂ ಅದನ್ನೇ ಹೇಳಿ ಬಂದಿದ್ದ.

“ಹೆಸರು ನೋಡಿದ್ಯಾ? ಲಾಹೋರಿನ ಕಡೆಯವನು,” ಎಂದ ನಾರಾಯಣಸ್ವಾಮಿ ಕನ್ನಡದಲ್ಲಿ, ದನಿ ತಗ್ಗಿಸುವ ಶ್ರಮವನ್ನೂ ತೆಗೆದುಕೊಳ್ಳದೆ. “ಮೂತಿ ನೋಡು, ಹಾಲು ಕದ್ದ ಬೆಕ್ಕು. ಕೇಳು ನಾಗೂ, ಇವನು ಹೇಳಿದ ರೇಟಿಗೆ ಇನ್ನೂ ಒಂದು ಸಾವಿರ ಪೌಂಡ್ ಮೇಲೆ ಹಾಕೋಕೂ ನಾನು ರೆಡಿ ಇದೀನಿ. ಆದ್ರೆ ತೋರಿಸ್ಕೋಬಾರ್ದು. ಸುಮ್ನೆ ಆಟ ಆಡಿಸ್ತೀನಿ.”

ಹುಡುಗ ಕಂಪ್ಯೂಟರ್ ನೋಡುತ್ತಿದ್ದ. ಅವನ ಕೆನ್ನೆಯಲ್ಲಿ, ಬೆಕ್ಕು ಎಂಬಲ್ಲಿ ಒಮ್ಮೆ, ಸಾವಿರ ಎಂಬಲ್ಲಿ ಇನ್ನೊಮ್ಮೆ, ಮೀನು ತಿರುಗಿತು.

ನಾಗಮಣಿ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಕೇಳಿಸಿದೆ. ಕೇಳಿಸಿದ್ದಷ್ಟೇ ಅಲ್ಲದೆ ಅರ್ಥವೂ ಆಗಿದೆ.

ಅಲ್ಲಿಂದ ಮುಂದೆ ಹುಜೈಫಾ ಕಲ್ಲಾದ. ನಾರಾಯಣಸ್ವಾಮಿ ಇಂಗ್ಲಿಷಿನಲ್ಲಿ ಗುಡುಗಿದ, ಗೋಗರೆದ, ಬೇರೆ ಕಂಪನಿಯ ಹೆಸರು ಹೇಳಿ ಹೆದರಿಸಿದ. ಹುಡುಗ ಎಲ್ಲಕ್ಕೂ ಕ್ಷಮೆ ಕೇಳಿದ, ಒಂದು ಪೌಂಡೂ ಇಳಿಸಲಿಲ್ಲ. ಬದಲಿಗೆ ಬಣ್ಣ ಮಾಸದಂತೆ ಬಳಿಯುವ ಲೇಪನ ಎಂದು ಒಂದನ್ನು ಮೇಲೆ ಸೇರಿಸಿದ. ಸರ್ವೀಸ್ ಪ್ಲಾನಿಗೆ ತಿಂಗಳು ತಿಂಗಳು ಬೇರೆಯೇ ಕಟ್ಟಬೇಕೆಂದ. “ಮ್ಯಾನೇಜರನ್ನ ಕೇಳಿ ಬರ್ತೀನಿ,” ಎಂದು ಎದ್ದು ಹೋದ. ಒಳಗೆ ಗರ್ಭಗುಡಿಯಲ್ಲಿ ಕೂತಿರುವ ಆ ಮ್ಯಾನೇಜರ್ ಯಾರ ಕಣ್ಣಿಗೂ ಬೀಳುವವನಲ್ಲ. ಪೂಜಾರಿ ಮಾತ್ರ ಹೋಗಿ ಬಂದು, ದೇವರು ಹೂ ಕೊಡಲಿಲ್ಲ ಎನ್ನುತ್ತಾನೆ.

“ಗಟ್ಟಿಪಿಂಡ,” ಎಂದ ನಾರಾಯಣಸ್ವಾಮಿ ಹಣೆ ಒರೆಸಿಕೊಳ್ಳುತ್ತ. “ಇಂಥವರನ್ನ ಎಷ್ಟು ನೋಡಿಲ್ಲ.”

ಇಡೀ ಊರಿಗೆ ಬುದ್ಧಿ ಹೇಳುವ ಗಂಡ ತನ್ನ ಇಸ್ಪೀಟಿನ ಎಲೆಗಳನ್ನು ಮೇಜಿನ ಮೇಲೆ ಮುಖ ಮೇಲಾಗಿ ಹರಡಿ, ಎದುರಾಳಿಯ ಕಣ್ಣು ಕುರುಡು ಎಂದು ನಂಬಿ ಕೂತಿದ್ದ. ಹುಜೈಫಾ ಎಂಬ ಹೆಸರಿನವನ ಮನೆಯಲ್ಲಿ ಕನ್ನಡ ಇರಬಹುದು ಎಂಬುದು ಅವನ ತಲೆಗೆ ಹೊಳೆಯುವ ಸಂಗತಿಯೇ ಅಲ್ಲ. ಮೈಸೂರಿನಲ್ಲಿ ಇವರ ಬಟ್ಟೆ ಹೊಲಿದ, ಇವರಿಗೆ ಪಾಠ ಹೇಳಿದ, ಇವರ ಜ್ವರಕ್ಕೆ ಮದ್ದು ಕೊಟ್ಟ ಮುಸಲ್ಮಾನರೆಲ್ಲ ಕನ್ನಡವನ್ನೇ ಆಡಿದ್ದರು. ಅದೂ ಅವನಿಗೆ ಕೇಳಿಸಿರಲಿಲ್ಲ.

ಹೇಳಿಬಿಡಬಹುದಿತ್ತು, ಕಾಲಿನಿಂದ ಮೆಲ್ಲಗೆ ತಟ್ಟಿ. ಅವಳು ತಟ್ಟಲಿಲ್ಲ.

ಹುಡುಗ ವಾಪಸ್ಸು ಬಂದು ಕೂತ. ನಾಗಮಣಿ ಗಂಡನ ಕಡೆಗೆ ತಿರುಗಿ, ಬಿಡಿಸಿ ಬಿಡಿಸಿ, ಕಿವಿ ಮಂದವಾದವರಿಗೆ ಹೇಳುವಷ್ಟು ನಿಧಾನವಾಗಿ ಕನ್ನಡದಲ್ಲಿ ಹೇಳಿದಳು.

“ರೀ, ನೀವು ಆಗ ಹೇಳಿದ ಆ ಸಾವಿರ ನಿಮ್ಮ ಜೇಬಿಂದು. ಈ ಕಾರು ನನ್ನ ದುಡ್ಡಿಂದು. ಆ ಸಾವಿರ ಬರಲ್ಲ. ಅದನ್ನ ಮರೆತುಬಿಡೋದು ಒಳ್ಳೇದು.”

“ಯಾಕೆ ಈಗ ಅದೆಲ್ಲ?”

“ಬಣ್ಣಕ್ಕೆ ಬಳಿಯೋ ಎಣ್ಣೆ ನನಗೆ ಬೇಡ. ಅದನ್ನ ತೆಗೀಬೇಕು. ಮೊದಲು ಹೇಳಿದ ರೇಟಲ್ಲಿ ಐನೂರು ಇಳಿಸ್ಬೇಕು. ಸರ್ವೀಸ್ ಪ್ಲಾನ್ ಆ ರೇಟಿನೊಳಗೇ ಬರಬೇಕು, ಐದು ವರ್ಷದ್ದು. ಹಾಗಾದ್ರೆ ನಾನು ಇವತ್ತೇ, ಇಲ್ಲೇ ಸಹಿ ಹಾಕ್ತೀನಿ. ತಿಂಗಳ ಕೊನೆ ಬೇರೆ, ಇವರಿಗೂ ಲೆಕ್ಕ ತೋರಿಸೋಕೆ ಒಂದು ಗಾಡಿ ಹೋದಂಗಾಗುತ್ತೆ. ಆಗಲ್ಲ ಅಂದ್ರೆ ಸೋಮವಾರ ಬೇರೆ ಕಡೆ ಹೋಗ್ತೀನಿ, ಒಬ್ಬಳೇ.”

“ನಿನಗೇನು ತಲೆ ಕೆಟ್ಟಿದ್ಯೇನೇ!” ನಾರಾಯಣಸ್ವಾಮಿ ಹಲ್ಲು ಕಚ್ಚಿದ. “ಕೊನೇ ರೇಟು ಹೀಗೆ ಬಾಯಿಬಿಟ್ಟು ಹೇಳ್ತಾರಾ?”

“ಅವನಿಗೆಲ್ಲಿ ಅರ್ಥ ಆಗುತ್ತೆ? ಲಾಹೋರಿನವನಲ್ವಾ?”

“ಅದೂ ಸರಿ,” ಎಂದ ನಾರಾಯಣಸ್ವಾಮಿ, ಸಮಾಧಾನಗೊಂಡು.

ಹುಜೈಫಾ ನೆಲ ನೋಡುತ್ತಿದ್ದ. ಮೀಸೆ ಇನ್ನೂ ಸರಿಯಾಗಿ ಮೂಡದ ಮೇಲ್ತುಟಿಯನ್ನು ಒಳಗೆಳೆದು ಕಚ್ಚಿಕೊಂಡಿದ್ದ. ಆಮೇಲೆ ಎದ್ದು, “ಇನ್ನೊಂದು ಸಲ ಮ್ಯಾನೇಜರನ್ನ ಕೇಳ್ತೀನಿ,” ಎಂದು ಹೋದ. ಈ ಸಲ ದೇವರು ಬೇಗ ಒಲಿದ. ಲೇಪನ ತೆಗೆದಿದ್ದೇವೆ, ಐನೂರು ಇಳಿಸಿದ್ದೇವೆ, ಸರ್ವೀಸ್ ಪ್ಲಾನ್ ಮೂರು ವರ್ಷದ್ದು ಒಳಗೇ ಸೇರಿದೆ ಎಂದ.

“ನೋಡಿದ್ಯಾ!” ನಾರಾಯಣಸ್ವಾಮಿಯ ಎದೆ ಉಬ್ಬಿತು. “ಬಗ್ಗಿದ. ನಾನು ಆಗಿಂದ ತಟ್ಟಿದ್ದಕ್ಕೆ ಈಗ ಬಗ್ಗಿದ.”

“ಮೂರಲ್ಲ, ಐದು,” ಎಂದಳು ನಾಗಮಣಿ, ಗಂಡನ ಟೋಪಿಯನ್ನು ನೋಡುತ್ತ. “ವರ್ಷಾ ವರ್ಷಾ ಹೈಬ್ರಿಡ್ ಬ್ಯಾಟರಿ ಪರೀಕ್ಷೆಯೂ ಅದರಲ್ಲೇ ಸೇರಿರಬೇಕು.”

ಹುಡುಗ ಏನನ್ನೋ ನೆನೆಸಿಕೊಂಡವನ ಹಾಗೆ ಹಣೆ ಮುಟ್ಟಿಕೊಂಡ. ಕ್ಷಮಿಸಿ, ಅದು ಐದು ವರ್ಷವೇ, ತಾನು ತಪ್ಪಾಗಿ ಓದಿದೆ, ಬ್ಯಾಟರಿ ಪರೀಕ್ಷೆಯೂ ಸೇರಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ನಟನೆ ಕಳಪೆಯಾಗಿತ್ತು. ನಾರಾಯಣಸ್ವಾಮಿಗೆ ಅಷ್ಟು ಸಾಕಾಗಿತ್ತು.

ಬೇಕಿದ್ದದ್ದೆಲ್ಲ ಸಿಕ್ಕಿತ್ತು. ಪೆನ್ನು ಮೇಜಿನ ಮೇಲಿತ್ತು. ಆಗ ನಾರಾಯಣಸ್ವಾಮಿಯ ಕಣ್ಣಿನಲ್ಲಿ ಆ ಹೊಳಪು ಬಂತು. ಸೀರೆಯಂಗಡಿಯಲ್ಲಿ ಬಂದಿದ್ದ ಹೊಳಪು, ಸೋಫಾದ ಅಂಗಡಿಯಲ್ಲಿ ಬಂದಿದ್ದ ಹೊಳಪು. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಎರಡು ಕೈಯೂರಿ ನಿಂತ.

“ನೋಡಪ್ಪಾ,” ಎಂದ ಇಂಗ್ಲಿಷಿನಲ್ಲಿ, “ಇಷ್ಟೇ ನಿನ್ನ ಕೈಲಾಗೋದು ಅಂದ್ರೆ, ನಾವು ಕೊವೆಂಟ್ರಿ ಕಡೆ ಒಂದು—”

ವಾಕ್ಯವನ್ನು ಮೇಜಿನ ಮೇಲೆ ಬಿಟ್ಟು ಹೊರಟ. ಬೆನ್ನು ನೆಟ್ಟಗಿತ್ತು. ಗಾಜಿನ ಬಾಗಿಲ ಹತ್ತಿರ ನಡಿಗೆ ನಿಧಾನವಾಯಿತು. ಬಾಗಿಲು ತಾನಾಗಿ ತೆರೆಯಿತು, ಸ್ವಲ್ಪ ಹೊತ್ತು ಅವನಿಗಾಗಿ ತೆರೆದೇ ಇತ್ತು. ಆಮೇಲೆ ಅವನು ಹೊರಗಿದ್ದ.

ನಾಗಮಣಿಯ ಕೈ ಅಭ್ಯಾಸಬಲದಿಂದ ಚೀಲದ ಹಿಡಿಗೆ ಹೋಗಿತ್ತು. ಮೊಣಕಾಲುಗಳೂ ಏಳಲು ಸಿದ್ಧವಾಗಿದ್ದವು. ಇಷ್ಟು ವರ್ಷ ಹೀಗೆ ಎದ್ದ ಆ ಕಾಲುಗಳ ಮೇಲೆ ಅವಳಿಗೆ ಒಂದು ಕ್ಷಣ, ಗಂಡನ ಮೇಲೆ ಇದ್ದದ್ದಕ್ಕಿಂತ ಹೆಚ್ಚು ತಾತ್ಸಾರ ಹುಟ್ಟಿತು. ಚೀಲವನ್ನು ನೆಲಕ್ಕಿಟ್ಟು ಪೆನ್ನು ಎತ್ತಿಕೊಂಡಳು.

ಹುಜೈಫಾ ಬಾಗಿಲ ಕಡೆ ನೋಡಿದ. “ಸರ್ ಅವರನ್ನ ಕರೀಲಾ?” ಎಂದು ಇಂಗ್ಲಿಷಿನಲ್ಲೇ ಕೇಳಿದ.

“ಬೇಡಪ್ಪ,” ಎಂದಳು ನಾಗಮಣಿ ಕನ್ನಡದಲ್ಲಿ. “ಕರೆದ್ರೆ ಬಂದ್ಬಿಡ್ತಾರೆ.”

ಹುಡುಗ ನಕ್ಕುಬಿಟ್ಟ.

“ನಿಮ್ಮಮ್ಮ ಯಾವೂರು?”

ದಾವಣಗೆರೆ, ಆಂಟಿ, ಎಂದ. ಅಮ್ಮ ಮನೆಯಲ್ಲಿ ಬೈಯುವುದು ಉರ್ದುವಿನಲ್ಲಿ, ಆದರೆ ದಾವಣಗೆರೆಯ ಗೆಳತಿಯ ಜೊತೆ ದಿನಾ ಫೋನಿನಲ್ಲಿ ಗಂಟೆಗಟ್ಟಲೆ ಕನ್ನಡ. ಕೇಳಿ ಕೇಳಿ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. ಆಮೇಲೆ ತಡೆದು, ಇಂಗ್ಲಿಷಿನಲ್ಲೇ, “ಬೆಕ್ಕು ಅಂದದ್ದು ಮಾತ್ರ ಸ್ವಲ್ಪ ಜಾಸ್ತಿಯಾಯ್ತು,” ಎಂದ.

“ಸಾವಿರದ ಆಸೆಗೆ ಎಣ್ಣೆ ಬಳಿಯೋಕೆ ಬಂದೆಯಲ್ಲ, ಅದು ಕಮ್ಮಿಯೇನು? ಅವರು ಹೇಳಿದ್ದೇನೂ ಸುಳ್ಳಲ್ಲ,” ಎಂದಳು ನಾಗಮಣಿ.

ಹುಡುಗ ಕೆಂಪಾದ. ಅವಳು ಸಹಿ ಹಾಕಿದಳು. ಗುರುವಾರ ಬಂದು ಕಾರು ಒಯ್ಯಬಹುದು ಎಂದು ಅವನು ಹೇಳಿದ. ಅವಳು ಸರ್ವೀಸ್ ಪ್ಲಾನಿನ ಕಾಗದವನ್ನು ಕೇಳಿ ಪಡೆದು, ಐದು ವರ್ಷ ಎಂದಿರುವುದನ್ನು ಓದಿ, ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಟೋಪಿಯನ್ನು ಎತ್ತಿಕೊಂಡು ಹೊರಗೆ ಬಂದಳು.

ಹೊರಗೆ ಜಿನುಗು ಹನಿ. ನಾರಾಯಣಸ್ವಾಮಿ ಡೀಸೆಲ್ ಕಾರಿಗೆ ಒರಗಿ, ಷೋರೂಮಿಗೆ ಬೆನ್ನು ಮಾಡಿ ನಿಂತಿದ್ದ. ಬೋಳುತಲೆಯ ಮೇಲೆ ಹನಿಗಳು ಮಣಿಗಟ್ಟಿದ್ದವು. ಹೆಜ್ಜೆಯ ಸದ್ದಿಗೆ ಸರಕ್ಕನೆ ತಿರುಗಿದ. ಗೆದ್ದ ನಗೆ ಮುಖದ ಮೇಲೆ ಆಗಲೇ ಬಂದು ಕೂತಿತ್ತು. ಅವಳನ್ನು ಕಂಡು ಅದು ಅಲ್ಲೇ ನಿಂತಿತು.

“ಕರೆದ್ರಾ?”

“ಇಲ್ಲ. ಟೋಪಿ ಬಿಟ್ಟು ಬಂದಿದ್ರಿ.”

ಅವನು ಟೋಪಿ ಇಸಿದುಕೊಂಡ. “ಇರು, ಅವಸರ ಮಾಡ್ಬೇಡ. ಈಗ ಒಳಗೆ ಒದ್ದಾಡ್ತಿರ್ತಾನೆ. ಇನ್ನು ಸ್ವಲ್ಪ ಹೊತ್ತು ನೋಡು. ನೀನು ಯಾಕೆ ಇಷ್ಟು ಹೊತ್ತು ಅಲ್ಲೇ ಕೂತಿದ್ದೆ? ಅದರಿಂದಲೇ ಅವನಿಗೆ ಸದರ ಆಗಿದ್ದು.”

“ಸಹಿ ಹಾಕ್ತಿದ್ದೆ. ಗುರುವಾರ ಬರುತ್ತೆ ಕಾರು.”

ರಸ್ತೆಯಾಚೆ ಬಸ್ ನಿಲ್ದಾಣದಲ್ಲಿ ಒಬ್ಬಳು ಮುದುಕಿ ಕೊಡೆ ಮಡಿಸುತ್ತಿದ್ದಳು. ಊರಿನ ಕಡೆಯ ಬಸ್ಸು ತಿರುವಿನಲ್ಲಿ ಕಾಣಿಸಿತು.

“ನಾನು ಎದ್ದುಬಂದ ಮೇಲೆ?” ಎಂದ ನಾರಾಯಣಸ್ವಾಮಿ. “ನಾನು ಎದ್ದುಬಂದ ಅಂಗಡೀಲಿ ನೀನು... ಜನ ಕೇಳಿದ್ರೆ ಏನು ಹೇಳ್ಲಿ? ಅವನು ಇನ್ನೇನು ಬಂದು ಕರೀತಿದ್ದ ಕಣೇ!”

“ಹೌದಲ್ವಾ,” ಎಂದಳು ನಾಗಮಣಿ, ಚೀಲವನ್ನು ಹೆಗಲಿಗೇರಿಸಿ, ರಸ್ತೆಯ ಎರಡೂ ಕಡೆ ನೋಡುತ್ತ. “ಹಾಗಾದ್ರೆ ನೀವು ಇಲ್ಲೇ ಇರಿ. ನನಗೆ ಬಸ್ಸು ಬಂತು. ಅವನು ಬಂದು ಕರೆದ್ರೆ, ನನ್ನ ಹೆಂಡ್ತಿ ಆಗಲೇ—”