ಕಾತ್ರಜದ ಹಳ್ಳದಲ್ಲಿ ಇಲ್ಲದ ತಿರುವು

ದೆವ್ವ, ಮಾಟ, ಹರಕೆ ಎಂದು ಬಾಯಿ ಬಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಮುಚ್ಚಿಡುವುದೇಕೆ, ಈಗಲೂ ಇದೆ. ನನ್ನಪ್ಪ ಕಂಬಳಿ ನೇಯುತ್ತಿದ್ದ, ಕಾಗದ ಮುಂದಿಟ್ಟರೆ ಹೆಬ್ಬೆಟ್ಟು ಒತ್ತುತ್ತಿದ್ದ. ಆ ಮನೆಯಿಂದ ಬಂದು ಪುಣೆಯಲ್ಲಿ ಬಿ.ಎ. ಮಾಡಿದವನು ನಾನು. ಅಷ್ಟು ಕಷ್ಟಪಟ್ಟು ಓದಿದ್ದು ಇಂಥ ಅಂತೆಕಂತೆಗಳನ್ನು ನಂಬುವುದಕ್ಕಲ್ಲ. ಆದರೂ ಈ ಸಂಗತಿಯನ್ನು ಬರೆಯುತ್ತಿದ್ದೇನೆ. ಓದುವವರು ನಗುವುದಾದರೆ ನಗಲಿ.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ನೀರಾವರಿ ಕಚೇರಿಯಲ್ಲಿ ನನಗೆ ಹಂಗಾಮಿ ಮೋಜಣಿ ಕೆಲಸ, ಅಂದರೆ ನೆಲ ಅಳೆದು ನಕ್ಷೆ ಬರೆಯುವುದು. ಪುಣೆಯ ಹತ್ತಿರ ಕಾತ್ರಜದ ಕೆರೆಗೆ ಬಂದು ಸೇರುವ ಸಣ್ಣ ಹಳ್ಳವೊಂದರ ನಕ್ಷೆ ಮಾಡಿಕೊಡಬೇಕಿತ್ತು. ಸರಿಯಾದರೆ ಕೆಲಸ ಕಾಯಂ, ತಪ್ಪಿದರೆ ಊರಿಗೆ ಹೋಗಿ ಕಂಬಳಿ ನೇಯುವುದು. ಹಳ್ಳವೆಂದರೆ ಎಷ್ಟು? ಘಾಟಿನ ಕಲ್ಲುಸಂದಿಯಲ್ಲಿ ಹುಟ್ಟಿ, ಗುಡ್ಡದ ಮಗ್ಗುಲಲ್ಲಿ ಇಳಿದು, ಸಾತಾರೆ ರಸ್ತೆಯ ಮೋರಿ ದಾಟಿ, ಜೋಳದ ಹೊಲಗಳ ನಡುವೆ ಹರಿದು ಕೆರೆಗೆ ಬೀಳುತ್ತದೆ. ದಾಟಿದರೆ ಮೊಣಕಾಲೂ ತೋಯುವುದಿಲ್ಲ. ಅದಕ್ಕೊಂದು ಹೆಸರು ಕೂಡ ಇರಲಿಲ್ಲ.

ಸರಪಳಿ ಹಿಡಿಯಲು ಅಥಣಿ ಕಡೆಯ ಭೀಮಪ್ಪನೆಂಬ ಮುದುಕ ಜೊತೆಗಿದ್ದ. ಅಳತೆಯ ಸರಪಳಿ ನೀರು ದಾಟುವ ಮುನ್ನ ವೀಳ್ಯದೆಲೆಯ ಮೇಲೆ ಅಡಿಕೆಯಿಟ್ಟು ತೇಲಿಬಿಟ್ಟು, ಹಳ್ಳದ ಅಪ್ಪಣೆ ಕೇಳುವುದು ಅವನ ಪದ್ಧತಿ. ಸೊಂಟದ ಚೀಲ ಬಿಚ್ಚುವಾಗಲೇ ತಡೆದೆ.

"ಏನ್ ಭೀಮಪ್ಪಾ, ಹಳ್ಳಕ್ಕ ಅರ್ಜಿ ಕೊಡಾವ್ನೇನು? ಎಲಿ ನೀನ ತಿನ್ನು, ಸರಪಳಿ ಹಿಡಿ."

"ಕೇಳಿ ಅಳದ್ರ ಇದ್ದದ್ದು ತೋರಸ್ತದ್ರಿ ಸಾಹೇಬ್ರ," ಎಂದ. "ಇಲ್ಲಂದ್ರ ತನಗ ಬೇಕಾದ್ದು ತೋರಸ್ತದ."

ಮಧ್ಯಾಹ್ನದ ಬಿಸಿಲು ನಿಚ್ಚಳವಾಗಿತ್ತು. ಮೋರಿಯಿಂದ ಇನ್ನೂರು ಹೆಜ್ಜೆ ಕೆಳಗೆ ಹಳ್ಳ ಕುಡುಗೋಲಿನಂತೆ ಬಲಕ್ಕೆ ಬಾಗಿತ್ತು. ಬೂಟು ಬಿಚ್ಚಿಟ್ಟು ನೀರಿಗಿಳಿದೆ. ಧೋತರದ ಅಂಚು ತೋಯ್ದಿತು. ತಿರುವಿನ ದಂಡೆಯ ಹಸಿ ಮರಳಿನಲ್ಲಿ ಕೈಯಾರೆ ಮೂರು ಗೂಟ ಹೊಡೆದು, ಅಳತೆಗಳನ್ನು ಅಲ್ಲೇ ಪುಸ್ತಕಕ್ಕೆ ಇಳಿಸಿದೆ. ವಿಶೇಷವೇನೂ ಕಾಣಲಿಲ್ಲ.

ನಾಲ್ಕು ದಿನದ ಮೇಲೆ ಮೇಲಧಿಕಾರಿ ತಪಾಸಣೆಗೆ ಬಂದರು. ಧಾರವಾಡದವರು, ಮನೆತನದಲ್ಲಿ ಮೂರು ತಲೆಮಾರಿನ ಓದು. ನನ್ನಂಥವರ ಪದವಿಯೆಂದರೆ ಅವರಿಗೆ ತಮಾಷೆ. ನಕ್ಷೆ ಹಿಡಿದು, ಭೀಮಪ್ಪನನ್ನೂ ಕರೆದುಕೊಂಡು ಮೋರಿಯಿಂದ ಇಳಿದೆವು. ಹಳ್ಳ ನೆಟ್ಟಗೆ ಹರಿಯುತ್ತಿತ್ತು. ತಿರುವೇ ಇಲ್ಲ. ಬಲಕ್ಕೆ ಇದ್ದದ್ದು ಮೊಣಕಾಲುದ್ದ ಬೆಳೆದ ಜೋಳ. ಆ ಜೋಳದ ನಡುವೆ, ನೀರಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ, ನನ್ನ ಮೂರು ಗೂಟಗಳು ಬಾಗಿದ ಸಾಲಿನಲ್ಲಿ ನಿಂತಿದ್ದವು. ಸುತ್ತ ಒಂದು ದಂಟೂ ಮುರಿದಿರಲಿಲ್ಲ. ನೆಲ ಬಿರುಕು ಬಿಟ್ಟ ಕರಿಮಣ್ಣು.

"ಬಿ.ಎ. ಆದವರ ಹಳ್ಳ ಜ್ವಾಳದಾಗ ಹರೀತದೇನ್ರಿ?" ಎಂದರು ಅಧಿಕಾರಿ. "ಗಿಡದ ನೆರಳಾಗ ಕುಂತು ಬರದೀರಿ, ಹೌದಲ್ಲೋ?"

ನಾನು ಭೀಮಪ್ಪನ ಕಡೆ ನೋಡಿದೆ. ಸರಪಳಿಯ ಇನ್ನೊಂದು ತುದಿ ಅವನ ಕೈಯಲ್ಲೇ ಇತ್ತಲ್ಲ.

"ಸಾಹೇಬ್ರು ನಿಂದ್ರು ಅಂದಲ್ಲೆ ನಿಂತೀನ್ರಿ," ಎಂದ. "ಕಾಲು ತೊಯ್ದದ್ದು ಖರೆ. ಮುಂದಿಂದು ನನ್ನ ಕೇಳಬ್ಯಾಡ್ರಿ."

ಅಧಿಕಾರಿ ಗೊಳ್ಳನೆ ನಕ್ಕರು. "ಆ ತಿರುವು ತಗದು ನೆಟ್ಟಗ ಗೆರಿ ಎಳೀರಿ. ಇಲ್ಲಾ ರಾಜೀನಾಮೆ ಬರೀರಿ."

ಹಠ ಹಿಡಿಯಬಹುದಿತ್ತು. ನಾನು ರಬ್ಬರು ತೆಗೆದೆ. ಕಣ್ಣಾರೆ ಕಂಡದ್ದನ್ನು, ಕೈಯಾರೆ ಅಳೆದದ್ದನ್ನು ಉಜ್ಜಿಹಾಕಿ, ನೆಟ್ಟಗೆ ಗೆರೆ ಎಳೆದು ಸಹಿ ಮಾಡಿದೆ. ನನ್ನಪ್ಪನ ಹೆಬ್ಬೆಟ್ಟಿಗೆ ಆ ಸಹಿಗಿಂತ ಹೆಚ್ಚು ಮರ್ಯಾದೆಯಿತ್ತು. ಕೆಲಸ ಕಾಯಂ ಆಯಿತು.

ಬಿಸಿಲಿಗೆ ನನ್ನ ತಲೆ ತಿರುಗಿತ್ತು ಎನ್ನೋಣ, ಭೀಮಪ್ಪನ ಕಾಲು ಏಕೆ ತೋಯ್ದಿತು? ಯಾರೋ ಗೂಟ ಕಿತ್ತು ಹೊಲದಲ್ಲಿ ನೆಟ್ಟರು ಎನ್ನೋಣ, ಆಮೇಲೆ ಅಳೆದು ನೋಡಿದಾಗ ಅವುಗಳ ಅಂತರ ನನ್ನ ಪುಸ್ತಕದ ಅಳತೆಗೆ ಅಂಗುಲವೂ ತಪ್ಪದೆ ಹೇಗೆ ಕೂಡಿತು? ಹಳೆಯ ನಕ್ಷೆಗಳಲ್ಲೂ ಹುಡುಕಿದೆ. ಯಾವುದರಲ್ಲೂ ಆ ತಿರುವಿಲ್ಲ. ನನಗೆ ಗೊತ್ತಿಲ್ಲ, ಅಷ್ಟೆ.

ಮುಂದಿನ ವರ್ಷ ಇನ್ನೊಂದು ಹಳ್ಳ ಅಳೆಯಲು ಹೋದೆವು. ಭೀಮಪ್ಪ ನನ್ನ ಮುಖ ನೋಡುತ್ತ ಚೀಲ ಬಿಚ್ಚಿದ. ನಾನು ಬೂಟಿನ ದಾರ ಕಟ್ಟಿಕೊಳ್ಳುವವನಂತೆ ಬಗ್ಗಿದೆ. ಎಲೆ ತೇಲಿ ಮರೆಯಾಗುವವರೆಗೂ ಆ ದಾರ ಕಟ್ಟಿ ಮುಗಿಯಲಿಲ್ಲ.